ಮೂರೂವರೆಯ ಊಟ

ನಮ್ಮ ಊರಿನಲ್ಲಿ ಫೋನಿನಿಂದ ತರಿಸಿಕೊಂಡ ಊಟ, ಯಾರಿಗೆಂದು ತರಿಸಿದ್ದೋ ಅವರು ಉಣ್ಣುವ ತನಕ ಆರುವುದಿಲ್ಲ. ಮನೆಯಲ್ಲಿ ಬೇಯಿಸಿದ್ದಕ್ಕೆ ಈ ಗುಣವಿಲ್ಲ. ಅದು ಎಲ್ಲ ಊರುಗಳಲ್ಲಿ ಆಗುವಂತೆ ಆರುತ್ತದೆ, ಹಳಸುತ್ತದೆ, ಬೆಳಿಗ್ಗೆ ಕಲಗಚ್ಚಿನ ಬಾನಿಗೆ ಬೀಳುತ್ತದೆ. ಆ್ಯಪಿನಲ್ಲಿ ಬೆರಳೊತ್ತಿ ತರಿಸಿದ ಡಬ್ಬಿ ಹಾಗಲ್ಲ. ತಿಂಗಳು ಬಿಟ್ಟು ಮುಚ್ಚಳ ತೆಗೆದರೂ ಹಬೆ ಏಳುತ್ತದೆ. ಬೇರೆಯವರು ಬಾಯಿಗಿಟ್ಟರೆ ನಾಲಿಗೆ ಸುಟ್ಟು ಬೊಬ್ಬೆ ಬರುತ್ತದೆ. ಎಸೆದರೆ ಆ ಜಾಗದ ಹುಲ್ಲು ಕಮರಿಹೋಗುವುದರಿಂದ ಎಸೆಯಲು ಪುರಸಭೆ ಬಿಡುವುದಿಲ್ಲ. ಉಳಿದಿರುವುದು ಇನ್ನೊಂದೇ ದಾರಿ. ತರಿಸಿದವರು, ಇದು ಇಂಥವರಿಗೆ ಅಂತ ಹೆಸರು ಹಿಡಿದು ನಿಜ ಹೇಳಬೇಕು. ಹೇಳಿದ ಗಳಿಗೆಯಲ್ಲೇ ಡಬ್ಬಿ ತಣ್ಣಗಾಗುತ್ತದೆ, ಆಮೇಲೆ ಅದನ್ನು ಯಾರು ಬೇಕಾದರೂ ತಿನ್ನಬಹುದು.

ಇದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಹೊಸ ಮನೆ ಕಟ್ಟಿಸುವವರು ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಡು ಬಿಡಿಸುತ್ತಾರೆ. ಅದಕ್ಕೆ ಬಿಸಿಗೂಡು ಅಂತಲೇ ಹೆಸರು. ಒಂದೆರಡು ಡಬ್ಬಿ ಅಲ್ಲಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಂಗಸರು ಅದರ ಪಕ್ಕದಲ್ಲಿ ದೋಸೆ ಹಿಟ್ಟು ಹುಳಿ ಬರಲು ಇಡುತ್ತಾರೆ, ಚಳಿಗಾಲದಲ್ಲಿ ಬೆಕ್ಕು ಅಲ್ಲೇ ಮಲಗುತ್ತದೆ. ಹೆಣ್ಣು ನೋಡಲು ಹೋದವರು ಮಾತ್ರ ಚಪ್ಪಲಿ ಬಿಡುವ ನೆಪದಲ್ಲಿ ಗೂಡಿನ ಕಡೆ ಒಂದು ಕಣ್ಣು ಹಾಯಿಸುತ್ತಾರೆ. ಹೇಳಲಾಗದ್ದು ಈ ಮನೆಯಲ್ಲಿ ಎಷ್ಟಿದೆ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ.

ನಾನು ಪುರಸಭೆಯಲ್ಲಿ ಕೇಳುವವಳು. ಹನ್ನೊಂದು ವರ್ಷದಿಂದ ನನಗೆ ಅದೇ ಕೆಲಸ. ಯಾವ ಮನೆಯಲ್ಲಿ ಡಬ್ಬಿ ಐವತ್ತು ದಾಟಿತು ಅಂತ ದೂರು ಬರುತ್ತದೋ ಆ ಮನೆಗೆ ಹೋಗಿ, ಮೂರು ದಿನ, ದಿನಕ್ಕೊಂದು ಸಲ, “ಇದು ಯಾರಿಗೆ ತರಿಸಿದ್ದು?” ಅಂತ ಕೇಳಬೇಕು. ಹೊರಗಿನವರಿಗೆ ಇದು ಕೂತು ತಿನ್ನುವ ಕೆಲಸದ ಹಾಗೆ ಕಾಣುತ್ತದೆ. ಬಂದು ಒಂದು ದಿನ ಮಾಡಿ ನೋಡಲಿ.

ಕೇಳಿದರೆ ಎಲ್ಲರೂ ಮೊದಲು ಹೇಳುವುದು ಒಂದೇ. ಇಷ್ಟರ ಮೇಲೆ ತರಿಸಿದರೆ ತಂದುಕೊಡುವ ಖರ್ಚು ಮಾಫಿ ಅಂತಿತ್ತು ಮೇಡಂ. ಒಂದಕ್ಕೊಂದು ಪುಕ್ಕಟೆ ಇತ್ತು. ಹಸಿದಿದ್ದಾಗ ಫೋಟೋ ನೋಡಿಬಿಟ್ಟೆ, ಕೈ ತಡೆಯಲಿಲ್ಲ. ಇದ್ಯಾವುದೂ ಸುಳ್ಳಲ್ಲ, ಆದರೆ ಡಬ್ಬಿ ಆರುವುದಿಲ್ಲ. ನಾನು ಸುಮ್ಮನೆ ಕೂತಿರುತ್ತೇನೆ. ಕಾಲೇಜಿನ ಮೇಷ್ಟ್ರೊಬ್ಬರು ಒಂಟಿಯಾಗಿದ್ದು, ದಿನಾ ಎರಡು ಊಟ ತರಿಸುತ್ತಿದ್ದರು. ಮೂರನೆಯ ದಿನ ನೆಲ ನೋಡುತ್ತಾ ಹೇಳಿದರು: “ಒಂದೇ ತರಿಸಿದ್ರೆ ಒಂದೇ ಚಮಚ ಬರ್ತದೆ. ತಂದುಕೊಡೋ ಶಿವರಾಜು ಬಾಗಿಲಲ್ಲಿ ನಿಂತು ಅದನ್ನ ನೋಡ್ತಾನೆ. ಎರಡನೇದು ಅವನ ಕಣ್ಣಿಗೆ ಅಂತ ತರಿಸಿದ್ದು.” ಡಬ್ಬಿಗಳು ಆರಿದವು. ಬಟ್ಟೆ ಅಂಗಡಿಯ ಗಂಡ ಹೆಂಡತಿ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಇಬ್ಬರೂ ಕದ್ದು ಒಬ್ಬರಿಗೊಬ್ಬರು ತರಿಸಿ, ಕೊಡಲಾರದೆ, ಒಂದೇ ಗೂಡಿನಲ್ಲಿ ಇಟ್ಟುಕೊಂಡಿದ್ದರು. ಜನ ಹೊಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚು ತರಿಸುವುದು ಹೊಟ್ಟೆಗಾಗಿ ಅಲ್ಲ ಅಂತ ನನಗೆ ಗೊತ್ತಾಗಿದ್ದು ಹೀಗೆ, ಒಂದೊಂದೇ ಮನೆಯಲ್ಲಿ ಕೂತು ಕೂತು.

ನಮ್ಮ ಕೆಲಸದ ದೊಡ್ಡ ಕಟ್ಟಳೆ ಒಂದಿದೆ. ನಾವು ಹೆಸರು ಸೂಚಿಸುವಂತಿಲ್ಲ. ನಮ್ಮ ಬಾಯಿಂದ ಬಂದ ಹೆಸರನ್ನು ಅವರು ಹೇಳಿದರೆ, ಅದು ಎಷ್ಟೇ ನಿಜವಿದ್ದರೂ ಡಬ್ಬಿ ಇನ್ನು ಯಾವತ್ತೂ ಆರುವುದಿಲ್ಲ. ನನಗಿಂತ ಹಿಂದೆ ಇದ್ದವರೊಬ್ಬರು ಅವಸರಪಟ್ಟು, “ನಿಮ್ಮ ತಂಗಿಗೇನಪ್ಪಾ?” ಅಂದುಬಿಟ್ಟರಂತೆ. ಆ ಡಬ್ಬಿ ಈಗಲೂ ನಮ್ಮ ಕಚೇರಿಯ ಮೂಲೆಯಲ್ಲಿದೆ. ಅದರ ಮೇಲೆ ಚಹಾದ ಕೆಟಲ್ ಇಡುತ್ತೇವೆ. ಚಹಾ ಕುಡಿಯುವಾಗಲೆಲ್ಲ ಬಾಯಿ ಬಿಗಿ ಹಿಡಿಯುವ ಪಾಠ ನೆನಪಾಗುತ್ತದೆ.

ಒಂದು ಬುಧವಾರ ಕುಸುಮ ಅನ್ನುವ ಹೆಂಗಸು ಐದು ತಿಂಗಳ ಕೂಸನ್ನು ಎತ್ತಿಕೊಂಡು ಕಚೇರಿಗೆ ಬಂದಳು. ಮದುವೆ ಅಡುಗೆಯ ಮರುಳಯ್ಯನವರ ಮಗಳು. ಗಂಡ ಲಾರಿಯ ಮೇಲೆ ಊರೂರು ತಿರುಗುವವನಾದ್ದರಿಂದ ಬಾಣಂತನ ಮುಗಿದರೂ ತಂದೆಯ ಜೊತೆಗೇ ಉಳಿದಿದ್ದಳು. ಮಾತಿಗೆ ಮೊದಲು ಕೂಸಿನ ಅಂಗಿ ಎತ್ತಿ ತೋರಿಸಿದಳು. ಕತ್ತಿನಿಂದ ಸೊಂಟದ ತನಕ ಬೆವರುಸಾಲೆ ಕೆಂಪಗೆ ಎದ್ದಿತ್ತು.

“ಮೂರು ಸಲ ಡಾಕ್ಟ್ರ ಹತ್ರ ಹೋಗಿಬಂದೆ ಅಕ್ಕಾ. ಪೌಡರ್ ಹಾಕಿದ್ರೆ ಬೆವರಲ್ಲೇ ಕೊಚ್ಕೊಂಡು ಹೋಗ್ತದೆ. ಮನೇಲಿ ನೂರಾ ಹದಿನಾಲ್ಕು ಡಬ್ಬಿ ಇದಾವೆ. ದಿನಾ ಒಂದು ಜಾಸ್ತಿ ತರಿಸ್ತಾರೆ. ನಂಗೆ ಒಂದು, ಅವರಿಗೆ ಒಂದು, ಇನ್ನೊಂದು ಯಾರಿಗೆ ಅಂದ್ರೆ ಬಾಯೇ ಬಿಡಲ್ಲ.”

“ತರಿಸಬೇಡಿ ಅಂತ ಹೇಳಿ ನೋಡಿದ್ಯಾ?”

“ಫೋನ್ ಕಿತ್ತಿಟ್ಟೆ. ಎರಡು ದಿನ ಊಟಾನೇ ಬಿಟ್ರು.” ಅವಳು ಕೂಸಿನ ಅಂಗಿ ಕೆಳಗೆಳೆದಳು. “ಭಾನುವಾರ ನಾನು ಅತ್ತೆ ಮನೆಗೆ ಹೊರಡ್ತೀನಿ. ಬಟ್ಟೆ ಕಟ್ಟಿಟ್ಟಾಗಿದೆ. ಅಪ್ಪನ್ನ ಬಿಟ್ಟು ಹೋಗೋಕೆ ನಂಗೆ ಎದೆ ಇಲ್ಲ. ಆದ್ರೆ ಇದರ ಬೆನ್ನು ನೋಡ್ಕೊಂಡು ಹೇಗೆ ಇರ್ಲಿ? ಅಷ್ಟರೊಳಗೆ ಏನಾದ್ರೂ ಮಾಡಿ.”

ಗುರುವಾರ, ಶುಕ್ರವಾರ, ಶನಿವಾರ. ಲೆಕ್ಕಕ್ಕೆ ಸರಿಯಾಗಿ ಮೂರೇ ದಿನ ಇತ್ತು.

ಮರುಳಯ್ಯನವರ ಹೆಸರು ಕೇಳದವರು ನಮ್ಮ ಊರಲ್ಲಿಲ್ಲ. ಅವರು ಜನವನ್ನು ತಲೆಯಿಂದ ಎಣಿಸಿದವರಲ್ಲ, ಎಲೆಯಿಂದ ಎಣಿಸಿದವರು. ಮುನ್ನೂರು ಎಲೆ, ಎಂಟುನೂರು ಎಲೆ, ಒಮ್ಮೆ ಮಂತ್ರಿಯೊಬ್ಬರ ಮನೆ ಮದುವೆಗೆ ನಾಲ್ಕು ಸಾವಿರ ಎಲೆ. ಅವರ ಕೈಯಡುಗೆಯಲ್ಲಿ ಒಂದು ಸೌಟು ಕಡಿಮೆ ಬಿದ್ದ ಮಾತಿಲ್ಲ ಅಂತ ಊರಿಗೆ ಊರೇ ಹೇಳುತ್ತಿತ್ತು. ನಾಲ್ಕೈದು ವರ್ಷದಿಂದ ಕೈ ನಡುಗುತ್ತಾ ಬಂದು, ಈಗ ನಾಲ್ಕೈದು ತಿಂಗಳ ಹಿಂದೆ ಸೌಟು ಕೆಳಗಿಟ್ಟಿದ್ದರು. ಅಷ್ಟು ಜನಕ್ಕೆ ಉಣಬಡಿಸಿದವರು ತಮ್ಮ ಊಟಕ್ಕೆ ಆ್ಯಪಿನ ಮುಂದೆ ಕೂರಬೇಕಾಗಿ ಬಂದದ್ದು ನೋಡಿದರೆ ಬೇಸರವಾಗುತ್ತದೆ.

ಗುರುವಾರ ಅವರ ಮನೆಯ ಬಾಗಿಲು ದಾಟಿದೊಡನೆ ಮೈಯೆಲ್ಲ ಬೆವರಿತು. ಬಿಸಿಗೂಡು ತುಂಬಿ, ಡಬ್ಬಿಗಳು ನಡುಮನೆಯ ನೆಲಕ್ಕೆ ಇಳಿದಿದ್ದವು. ಆದರೆ ಬೇರೆ ಮನೆಗಳಲ್ಲಿ ಇರುವ ಹಾಗೆ ರಾಶಿ ಬಿದ್ದಿರಲಿಲ್ಲ. ಗೋಡೆಗುಂಟ ಎರಡು ಸಾಲು, ನಡುವೆ ಬಡಿಸುವವರು ಓಡಾಡುವಷ್ಟು ಜಾಗ, ಸಾಲಿನ ಒಂದೊಂದು ಡಬ್ಬಿಗೂ ಒಂದು ಮೊಳ ಅಂತರ. ಮದುವೆಯ ಪಂಕ್ತಿ ಕೂರಿಸಿದ್ದರು. ಕುಸುಮ ಕೂಸನ್ನು ಹಿತ್ತಲ ಬಾಗಿಲಲ್ಲಿ ಗಾಳಿಗೆ ಹಿಡಿದುಕೊಂಡು ನಿಂತಿದ್ದಳು.

“ಬಾ ತಾಯಿ, ಕೂತ್ಕೋ,” ಅಂದರು ಮರುಳಯ್ಯನವರು. ಎಪ್ಪತ್ತೈದರ ಹತ್ತಿರದ ಆಳು, ಹಣೆಯಲ್ಲಿ ವಿಭೂತಿ ಬೆವರಿಗೆ ಕರಗಿತ್ತು. “ನೀನು ಕೇಳೋದೇನು ಅಂತ ಗೊತ್ತು. ಕಡಿಮೆ ಬೀಳಬಾರದು ಅಂತ ತರಿಸ್ತೀನಿ. ಅಷ್ಟೇ.”

ಹತ್ತಿರದ ಡಬ್ಬಿಯ ಮೇಲೆ ಮುಂಗೈ ಇಟ್ಟು ನೋಡಿದೆ. ಸುಡುತ್ತಿತ್ತು.

“ಅದು ಯಾಕೆ ಅಂತ ಆಯ್ತು ಅಯ್ನೋರೇ. ಯಾರಿಗೆ ತರಿಸಿದ್ದು?”

“ನಂಗೇ ಅಂತ ಇಟ್ಕೋ.” ಸುಡುತ್ತಿತ್ತು. “ಮಗಳಿಗೆ.” ಸುಡುತ್ತಿತ್ತು. “ಬಂದು ಹೋಗೋರಿಗೆ. ಮನೆ ಅಂದ್ಮೇಲೆ ಯಾರಾದ್ರೂ ಬರ್ತಾರೆ, ಬಂದಾಗ ಇಲ್ಲ ಅನ್ನೋಕಾಗ್ತದಾ?” ಅದಕ್ಕೂ ಆರಲಿಲ್ಲ. ಅವರಿಗೆ ಸಿಟ್ಟು ಬಂತು. ಎದ್ದು ಹಿತ್ತಲಿಗೆ ಹೋದರು.

ನಾನು ಡಬ್ಬಿಗಳಿಗೆ ಅಂಟಿಸಿದ ಬಿಲ್ಲಿನ ಚೀಟಿಗಳನ್ನು ಓದಿಕೊಂಡು ಸಾಲುಗುಂಟ ನಡೆದೆ. ಅನ್ನ, ಸಾರು, ಪಲ್ಯ, ಹಪ್ಪಳ, ಒಬ್ಬಟ್ಟು. ಎಲ್ಲದರಲ್ಲೂ ಅದೇ ಊಟ. ತರಿಸಿದ ಹೊತ್ತೂ ಒಂದೇ: ಮಧ್ಯಾಹ್ನ ಮೂರೂವರೆ. ಮನೆಯವರ ಊಟ ಹನ್ನೆರಡೂವರೆಗೆ ಬರುತ್ತಿತ್ತಂತೆ. ಮೂರೂವರೆಗೆ ಯಾರು ಉಣ್ಣುತ್ತಾರೆ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಮನೆ ತಲುಪುವಷ್ಟರಲ್ಲಿ ಹೊಳೆಯಿತು. ಛತ್ರದಲ್ಲಿ ಬಡಿಸಿದವರು, ನೀರು ಹೊತ್ತವರು, ಎಲೆ ಎತ್ತಿದವರು ಕೂರುವ ಕೊನೆಯ ಪಂಕ್ತಿಯ ಹೊತ್ತು ಅದು. ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನಮ್ಮ ಅವ್ವ ಮೂವತ್ತು ವರ್ಷ ಛತ್ರಗಳಲ್ಲಿ ಎಂಜಲೆಲೆ ಎತ್ತಿಯೇ ನಮ್ಮನ್ನು ಸಾಕಿದ್ದು.

ಶುಕ್ರವಾರ ಬೇಕೆಂದೇ ಆ ಹೊತ್ತಿಗೆ ಹೋದೆ. ಕೂತು ಸ್ವಲ್ಪ ಹೊತ್ತಿಗೆ ತಂದುಕೊಡುವವನು ಮೆಟ್ಟಿಲು ಹತ್ತಿ ಬಂದು ಡಬ್ಬಿ ಕೊಟ್ಟು ಹೋದ. ಮರುಳಯ್ಯನವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸಾಲಿನ ತುದಿಗೆ ಹೋದರು. ಇಡುವ ಮೊದಲು ನೆಲವನ್ನು ಅಂಗೈಯಲ್ಲಿ ಸವರಿದರು, ಎಲೆ ಹಾಸುವಾಗ ಸವರುವ ಹಾಗೆ. ಅದನ್ನು ನೋಡಿ ನನ್ನ ಬಾಯಿಗೆ ಮಾತು ಬಂದುಬಿಟ್ಟಿತ್ತು. ಕಚೇರಿಯ ಕೆಟಲ್ ನೆನಪಿಸಿಕೊಂಡು ನುಂಗಿದೆ.

“ಯಾರಿಗೆ ಅಯ್ನೋರೇ?”

“ಮರುಳಯ್ಯನ ಕೈಯಲ್ಲಿ ಕಡಿಮೆ ಬಿದ್ದಿಲ್ಲ,” ಅಂದರು, ನನಗಲ್ಲ, ಗೋಡೆಗೆ. “ಊರನ್ನೇ ಕೇಳು ಹೋಗು. ಬಿದ್ದಿಲ್ಲ.”

ಕುಸುಮ ತಡೆಯಲಾರದೆ ಬಂದಳು. “ಅಪ್ಪಾ, ಹೇಳಿಬಿಡಪ್ಪಾ. ನಂಗೆ ಬೇರೇನೂ ಬೇಡ. ಯಾರಾದ್ರೂ ಹೆಂಗಸಿದ್ರೂ ನಾನೇನೂ ಅನ್ನಲ್ಲ.”

ಮುದುಕರು ಮಗಳ ಮುಖ ನೋಡಿ, ಕೂಸಿನ ಬೆನ್ನು ನೋಡಿ, ಮುಖ ಆಚೆ ತಿರುಗಿಸಿದರು. ನನಗೆ ಆವತ್ತು ಅವರ ಮೇಲೆ ಸಿಟ್ಟೇ ಬಂತು. ಇಷ್ಟು ದೊಡ್ಡವರು, ಒಂದು ಹೆಸರು ಹೇಳಲಾರದೆ ಮೊಮ್ಮಗುವನ್ನು ಬೇಯಿಸುತ್ತಿದ್ದಾರಲ್ಲ ಅಂತ.

ಮನೆಗೆ ಬಂದಾಗ ಅವ್ವ ಸೊಪ್ಪು ಸೋಸುತ್ತಿದ್ದಳು. ಕೇಳಿದ ಮನೆಯ ಸಂಗತಿಯನ್ನು ಹೊರಗೆ ಆಡುವಂತಿಲ್ಲ. ಆದರೂ, “ಮರುಳಯ್ಯನವರ ಮನೆಗೆ ಹೋಗ್ತಾ ಇದೀನವ್ವ,” ಅಂದೆ. ಅವಳ ಕೈ ಒಂದು ಕ್ಷಣ ನಿಂತಿತು. “ಅವರ ಕೈಯಡುಗೆ ಚೆನ್ನಾಗಿರ್ತಿತ್ತು,” ಅಂದು ಮತ್ತೆ ಸೊಪ್ಪು ಸೋಸತೊಡಗಿದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೋದಾಗ ಕುಸುಮಳ ಗಂಟುಗಳು ಬಾಗಿಲ ಹತ್ತಿರ ಬಂದಿದ್ದವು. ಮರುಳಯ್ಯನವರು ಎರಡು ಸಾಲುಗಳ ನಡುವೆ ಗೋಡೆಗೆ ಒರಗಿ ಕೂತಿದ್ದರು. ನಾನು ಕೇಳುವ ಮೊದಲೇ ಮಾತು ಶುರು ಮಾಡಿದರು.

“ನಲವತ್ತು ವರ್ಷದ ಹಿಂದೆ ಅಕ್ಕಿ ಮಂಡಿಯವರ ಮನೆ ಮದುವೆ. ನಾನು ಆಗಿನ್ನೂ ಹೊಸಬ. ಮೊದಲನೇ ದೊಡ್ಡ ಅಡುಗೆ ಅದು. ಆರುನೂರು ಎಲೆ ಅಂದಿದ್ರು, ಏಳುನೂರರ ಮೇಲೆ ಬಿತ್ತು. ಹೇಗೋ ಸರಿದೂಗಿಸ್ದೆ. ಕೊನೆ ಪಂಕ್ತಿ ಕೂತಾಗ ಒಂದೇ ಕೊಳಗ ಅನ್ನ, ಒಂದಿಷ್ಟು ಸಾರು, ಹತ್ತಿಪ್ಪತ್ತು ಒಬ್ಬಟ್ಟು ಉಳಿದಿತ್ತು. ಯಜಮಾನ್ರು ಒಳಗೆ ಬಂದು, ಬೀಗರ ಕಡೆ ಇನ್ನೊಂದು ಬಸ್ಸು ಬರ್ತಾ ಇದೆ, ಅವರಿಗೆ ಕಡಿಮೆ ಬಿದ್ರೆ ನಿನ್ನ ಅಡುಗೆ ಇವತ್ತಿಗೆ ಮುಗೀತು ಅಂದು ಹೋದ್ರು. ಆ ಕೊಳಗಾನ ಉಗ್ರಾಣದ ಬಾಗಿಲ ಹಿಂದೆ ಇಟ್ಟೆ. ಮೇಲೆ ಎಲೆ ಮುಚ್ಚಿದೆ.”

ಕುಸುಮ ಅಳುವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು.

“ಎಲೆ ಎತ್ತೋಕೆ ಬಂದೋರು ನಾಲ್ಕು ಜನ ಇದ್ರು. ಮೂವರಿಗೆ ಕೆರೆದು ಬಳಿದು ಹಾಕ್ದೆ. ಕೊನೇಲಿ ಕೂತೋಳಿಗೆ ಎಲೆ ಹಾಸಿತ್ತು, ನೀರು ಚಿಮುಕಿಸಿಕೊಂಡು ಕೂತಿದ್ಳು. ಮುಗೀತು ಕಣಮ್ಮಾ ಅಂದೆ. ಅವಳು ಉಗ್ರಾಣದ ಬಾಗಿಲ ಕಡೆ ಒಂದ್ಸಲ ನೋಡಿದ್ಳು. ಬಗ್ಗಿ ಬಗ್ಗಿ ಎಲೆ ಎತ್ತಿದೋಳಿಗೆ ಕೊಳಗ ಕಾಣದೆ ಇರ್ತದಾ? ಒಂದು ಮಾತಾಡ್ಲಿಲ್ಲ. ತನ್ನ ಎಲೇನ ತಾನೇ ಮಡಿಸಿ ಎತ್ಕೊಂಡು ಹೋಗಿ ಎಂಜಲೆಲೆ ರಾಶಿಗೆ ಹಾಕಿದ್ಳು. ಅದರಲ್ಲಿ ಒಂದಗುಳೂ ಬಿದ್ದಿರಲಿಲ್ಲ.”

“ಬಸ್ಸು ಬಂತಾ ಅಪ್ಪಾ?” ಅಂದಳು ಕುಸುಮ.

“ಬರಲೇ ಇಲ್ಲ. ಮಾರನೇ ದಿನ ಕೊಳಗ ಹಳಸಿ ನೊರೆ ಎದ್ದಿತ್ತು. ಹಿತ್ತಲಲ್ಲಿ ಗುಂಡಿ ತೆಗೆದು ಹುಯ್ದೆ. ಆಮೇಲೆ ಒಂದು ಅಡುಗೇಲೂ ನಾನು ಕಡಿಮೆ ಬೀಳಿಸಲಿಲ್ಲ. ಹತ್ತು ಎಲೆಗೆ ಹನ್ನೊಂದು ಮಾಡ್ದೆ. ಊರು ಭೇಷ್ ಅಂತು. ಸೌಟು ಬಿಟ್ಟ ಮೇಲೆ ಈ ಫೋನಲ್ಲಿ ಊಟ ತರಿಸೋಕೆ ಕೂತ್ರೆ ಕೈ ನಿಲ್ಲಲ್ಲ ತಾಯಿ. ಎರಡು ಒತ್ತಿದ ಮೇಲೆ ಇನ್ನೊಂದು ಒತ್ತಬೇಕು ಅನ್ನಿಸ್ತದೆ. ಅವಳಿಗೆ ತರಿಸಿದ್ದು ಇದೆಲ್ಲ. ಆ ಎಲೆ ಎತ್ತೋಳಿಗೆ.”

ಅಷ್ಟು ಅಂದದ್ದೇ ತಡ, ಮನೆಯ ಹಬೆ ಸರ್ರನೆ ಇಳಿಯಿತು. ಕೂಸು ಅಳು ನಿಲ್ಲಿಸಿತು. ನಾನು ಡಬ್ಬಿ ಮುಟ್ಟಿದೆ, ಬೆಚ್ಚಗಿತ್ತು. ಆದರೆ ಇಪ್ಪತ್ತು ಎಣಿಸುವಷ್ಟರಲ್ಲಿ ಮತ್ತೆ ಕಾಯತೊಡಗಿತು.

“ಹೆಸರು ಬೇಕು ಅಯ್ನೋರೇ.”

“ಗೊತ್ತಿಲ್ಲ,” ಅಂದರು. “ನಾನು ಕೇಳಲೇ ಇಲ್ಲ. ಎಲೆ ಎತ್ತೋರ ಹೆಸರು ಯಾರು ಕೇಳ್ತಿದ್ರು?”

ನನಗೆ ಹೆಸರು ಗೊತ್ತಿತ್ತು. ಗೊತ್ತಿತ್ತು ಅಂತ ಈಗ ಹೇಳುತ್ತೇನೆ. ಆವಾಗ ಕಿವಿಯಲ್ಲಿ ಗುಯ್‌ಗುಟ್ಟುವ ಸದ್ದು ಬಿಟ್ಟು ನನಗೇನೂ ಕೇಳುತ್ತಿರಲಿಲ್ಲ. ಅಕ್ಕಿ ಮಂಡಿಯವರ ಮದುವೆ ನನಗೆ ಮರೆಯುವ ದಿನವಲ್ಲ. ಆಗ ನನಗೆ ಹನ್ನೊಂದು. ಅವ್ವ ಛತ್ರದಿಂದ ಬರುವಾಗ ಸೆರಗಿನ ತುದಿಯಲ್ಲಿ ಒಬ್ಬಟ್ಟೋ ಲಾಡೋ ಕಟ್ಟಿಕೊಂಡು ಬರುತ್ತಿದ್ದಳು. ಅಷ್ಟು ದೊಡ್ಡ ಮದುವೆ, ಒಬ್ಬಟ್ಟು ತರುತ್ತಾಳೆ ಅಂತ ನಾನೂ ತಮ್ಮನೂ ಬೆಳಿಗ್ಗೆಯಿಂದ ಬಾಗಿಲಲ್ಲೇ ಕೂತಿದ್ದೆವು. ಅವಳು ಬರಿಗೈಯಲ್ಲಿ ಬಂದಳು, ಒಂದು ಚೊಂಬು ನೀರು ಕುಡಿದು ಚಾಪೆಯ ಮೇಲೆ ಬಿದ್ದುಕೊಂಡಳು. “ಎಲ್ಲಾ ನೀನೇ ತಿಂದ್ಕೊಂಡ್ ಬಂದ್ಯಾ?” ಅಂತ ಕಿರುಚಿದೆ. ಅವ್ವ ಗೋಡೆ ಕಡೆ ತಿರುಗಿ, “ಹೂಂ ಕಣೆ, ನಾನೇ ತಿಂದೆ,” ಅಂದಳು. ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ.

ಆ ಮನೆಯಲ್ಲಿ ಇನ್ನೊಂದು ನಿಮಿಷ ಇದ್ದಿದ್ದರೆ ಬಾಯಿಬಿಟ್ಟುಬಿಡುತ್ತಿದ್ದೆ. “ಮೂರೂವರೆಗೆ ಬರ್ತೀನಿ,” ಅಂತಷ್ಟೇ ಹೇಳಿ ಎದ್ದೆ.

ಅವ್ವನಿಗೆ ಈಗ ಎಪ್ಪತ್ತಾರು. ಎಲ್ಲವನ್ನೂ ಹೇಳಿದೆ. ಕಟ್ಟಳೆ ಮುರಿದೆ ಅನ್ನುವುದಾದರೆ ಅಲ್ಲಿ ಮುರಿದೆ. ಅವಳು ಕೇಳಿಸಿಕೊಂಡು, “ನಾನು ಉಂಡೆ ಅಂತ ನಿಂಗೆ ಆವತ್ತೇ ಹೇಳಿದ್ನಲ್ಲ,” ಅಂದಳು.

“ಸುಳ್ಳು ಯಾಕೆ ಹೇಳ್ದೆ ಅವ್ವಾ?”

“ಹಸ್ಕಂಡ್ ಬಂದೆ ಅಂದಿದ್ರೆ ನೀವಿಬ್ರೂ ಅಳ್ತಿದ್ರಿ. ಸಿಟ್ಟು ಎರಡು ದಿನ ಇರ್ತದೆ, ಹೋಗ್ತದೆ. ಅಳು ನೋಡಕ್ಕೆ ನಂಗೆ ಆಗ್ತಿರ್ಲಿಲ್ಲ.”

ಐವತ್ತೊಂದು ವರ್ಷದ ಹೆಂಗಸು ನಾನು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತೆ. ಅವ್ವ ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಅವರ ಮನೆಗೆ ಬಾ ಅಂತ ಕರೆದಾಗ ಅವಳು ಒಪ್ಪಲಿಲ್ಲ.

“ನಲವತ್ತು ವರ್ಷ ಆದ್ಮೇಲೆ ಅವರ ಮುಂದೆ ಹೋಗಿ ಆವತ್ತು ಹಸಿದಿದ್ದೆ ಅಂತ ನಿಂತ್ಕಬೇಕಾ? ನಾನು ಬೇಡ್ಕಂಡ್ ತಿಂದೋಳಲ್ಲ ಪುಟ್ಟಿ. ಅವರ ಡಬ್ಬಿ ಅವರ ಮನೇಲಿ ಉರೀಲಿ.”

“ಅವರಿಗಲ್ಲ ಅವ್ವಾ. ಮಗಳ ಕೂಸಿಗೆ ಮೈಯೆಲ್ಲ ಬೆವರುಸಾಲೆ. ನಾಳೆ ಅವಳು ಮನೆ ಬಿಟ್ಟು ಹೋಗ್ತಾಳೆ.”

“ಎಷ್ಟು ತಿಂಗಳ ಕೂಸು?”

“ಐದು.”

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಇನ್ನೂ ಒಂದು ಮಾತು ನಾನು ಹೇಳಲೇಬೇಕಿತ್ತು. ಆವತ್ತು ಎಲೆ ಎತ್ತಿದವರು ನಾಲ್ಕು ಜನ. ಕೊನೆಯಲ್ಲಿ ಕೂತವಳು ಇವಳಲ್ಲದೆ ಬೇರೆ ಇದ್ದರೆ, ಇವಳು ಕೈಯಿಟ್ಟ ಕೂಡಲೇ ಬೆರಳು ಬೆಂದುಹೋಗುತ್ತದೆ. ಹೇಳಿದೆ.

“ಕೊನೇಲಿ ಕೂತೋಳು ನಾನೇ,” ಅಂದು ಅವ್ವ ಸೀರೆ ಬದಲಾಯಿಸಲು ಎದ್ದಳು.

ನಮ್ಮ ಊರಿನ ಬೀದಿಗಳೆಲ್ಲ ಮೆಟ್ಟಿಲು. ಅವ್ವ ಹತ್ತು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುತ್ತಾ ಹತ್ತಿದಳು. ನಾವು ಬಾಗಿಲಿಗೆ ಬಂದಾಗ ತಂದುಕೊಡುವವನು ಆ ದಿನದ ಡಬ್ಬಿ ಕೊಟ್ಟು ಕೆಳಗಿಳಿಯುತ್ತಿದ್ದ. ಅವ್ವ ಹೊಸ್ತಿಲಾಚೆಗೇ ನಿಂತಳು. ಅಂಥ ಮನೆಗಳ ಒಳಗೆ ಕರೆಸಿಕೊಂಡು ಅಭ್ಯಾಸವಿಲ್ಲದ ಕಾಲು ಅವಳದು. ಬಾಗಿಲ ಕಂಬಕ್ಕೆ ಭುಜ ತಾಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಪಕ್ಕಕ್ಕೆ ನಿಂತಳು. ಪಂಕ್ತಿ ಏಳುವುದನ್ನು ಕಾಯುವಾಗ ಎಲೆ ಎತ್ತುವವರೆಲ್ಲ ಹಾಗೇ ನಿಲ್ಲುತ್ತಿದ್ದರು.

ಮರುಳಯ್ಯನವರು ಡಬ್ಬಿ ಹಿಡಿದುಕೊಂಡೇ ತಿರುಗಿದರು. “ಯಾರು ತಾಯಿ ಇವರು?” ಅಂತ ನನ್ನನ್ನು ಕೇಳಿದರು.

ನಾನು ಹಲ್ಲು ಕಚ್ಚಿಕೊಂಡು ನಿಂತೆ.

“ಊಟಕ್ಕೆ ಬಂದೆ ಅಯ್ನೋರೇ,” ಅಂದಳು ಅವ್ವ. “ಕೊನೇ ಪಂಕ್ತಿ ಇನ್ನೂ ಐತಾ?”

ಅವರ ಕೈಯ ಡಬ್ಬಿ ಜಾರಿತು. ಕುಸುಮ ಓಡಿಬಂದು ಹಿಡಿದುಕೊಂಡಳು. ಮುದುಕರು ಅವ್ವನ ಮುಖವನ್ನು, ನಿಂತ ರೀತಿಯನ್ನು, ಮತ್ತೆ ಮುಖವನ್ನು ನೋಡಿದರು.

“ಒಳಗೆ ಬನ್ನಿ,” ಅಂದರು ಕೊನೆಗೆ. ಬಾ ಅನ್ನಲಿಲ್ಲ, ಬನ್ನಿ ಅಂದರು.

ಹಿತ್ತಲಿಂದ ಬಾಳೆ ಎಲೆ ಕೊಯ್ದು ತರಲು ಕುಸುಮಳಿಗೆ ಹೇಳಿದರು. ಎರಡು ಸಾಲಿನ ನಡುವೆ ತಾವೇ ನೆಲ ಒರೆಸಿ ಎಲೆ ಹಾಸಿ, ನೀರು ಚಿಮುಕಿಸಿದರು. ಅವ್ವ ಕಾಲು ಮಡಿಸಿ ಕೂತಳು. ಸಾಲಿನ ಮೊದಲನೆಯ ಡಬ್ಬಿ, ನಾಲ್ಕು ತಿಂಗಳು ಹಳೆಯದು, ತೆಗೆದಾಗ ಹಬೆ ಅವರ ಮುಖಕ್ಕೆ ರಾಚಿತು. ಬಟ್ಟೆಯಲ್ಲಿ ಹಿಡಿದುಕೊಂಡು ಬಡಿಸಿದರು. ನಡುಗುವ ಕೈ, ಆದರೂ ಪಲ್ಯ ಪಲ್ಯದ ಜಾಗದಲ್ಲಿ, ಅನ್ನ ಅನ್ನದ ಜಾಗದಲ್ಲಿ ಬಿತ್ತು. ಸಾರು ಹಾಕಿ ಒಂದು ಹೆಜ್ಜೆ ಹಿಂದೆ ಸರಿದರು. “ಉಣ್ಣಿ ಅಮ್ಮಾ.”

ಅವ್ವನ ಬೆರಳು ಅನ್ನದ ಮೇಲೆ ಹೋದಾಗ ನಾನು ಕಣ್ಣು ಮುಚ್ಚಿಕೊಂಡೆ. ಹನ್ನೊಂದು ವರ್ಷದಲ್ಲಿ ಎಷ್ಟೋ ಸುಟ್ಟ ಕೈ ನೋಡಿದ್ದೇನೆ. ಏನೂ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಅವಳು ಅನ್ನ ಕಲಸುತ್ತಿದ್ದಳು, ದಿನಾ ಮನೆಯಲ್ಲಿ ಕಲಸುವ ಹಾಗೆಯೇ. ಒಂದು ತುತ್ತು, ಎರಡು ತುತ್ತು. ಎಲೆ ಅರ್ಧ ಖಾಲಿಯಾಗುವ ಮೊದಲೇ ಅವರು ಇನ್ನೊಂದು ಡಬ್ಬಿ ತೆರೆದು ಅನ್ನ ಹಾಕಿದರು. ಮತ್ತೆ ಪಲ್ಯ, ಮತ್ತೆ ಸಾರು. ಮೂರನೆಯದಕ್ಕೆ ಕೈ ಹಾಕಿದಾಗ ಅವ್ವ ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದಳು.

“ಸಾಕು.”

“ಇನ್ನೊಂಚೂರು ಹಾಕ್ಲಾ?”

“ಸಾಕು ಅಯ್ನೋರೇ. ಹೊಟ್ಟೆ ತುಂಬ್ತು.”

ಮರುಳಯ್ಯನವರು ಡಬ್ಬಿ ಹಿಡಿದುಕೊಂಡು ಹಾಗೇ ನಿಂತರು. ಸಾವಿರಾರು ಎಲೆಗೆ ಬಡಿಸಿ ಎಷ್ಟು ಸಲ ಆ ಮಾತು ಕೇಳಿದ್ದರೋ. ಆದರೆ ಈಗ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

“ನಿಮ್ಮ ಹೆಸರೇನಮ್ಮಾ?”

“ದೊಡ್ಡತಾಯಮ್ಮ.”

“ದೊಡ್ಡತಾಯಮ್ಮ,” ಅಂದರು ಅವರು. “ದೊಡ್ಡತಾಯಮ್ಮನವರಿಗೆ ತರಿಸಿದ್ದು.”

ಮೊದಲು ಬಾಗಿಲ ಹತ್ತಿರದ ಡಬ್ಬಿಯ ಮುಚ್ಚಳ ಟಕ್ಕೆಂದು ಒಳಕ್ಕೆ ಸೆಳೆದುಕೊಂಡಿತು. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು. ಎರಡೂ ಸಾಲಿನಲ್ಲಿ ಆ ಸದ್ದು ಹಿತ್ತಲ ತನಕ ಹೋಗಿ ನಿಂತಿತು. ಗೋಡೆಯಿಂದ ತಣ್ಣನೆಯ ಗಾಳಿ ಬಂದ ಹಾಗಾಯಿತು. ಕುಸುಮ ಕೂಸಿನ ಅಂಗಿ ಬಿಚ್ಚಿ ನೆಲದ ಮೇಲೆ ಮಲಗಿಸಿದಳು. ಅದು ಕಾಲು ಬಡಿಯುತ್ತಾ ಮಲಗಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಹೋಗಿ ಬಾಗಿಲ ಹತ್ತಿರದ ಗಂಟುಗಳನ್ನು ಒಂದೊಂದಾಗಿ ಒಳಗೆ ಒಯ್ದಳು.

ಅವ್ವ ಅಭ್ಯಾಸಬಲದಿಂದ ತನ್ನ ಎಲೆ ಮಡಿಸಿ ಎತ್ತಲು ಹೋದಳು. ಮರುಳಯ್ಯನವರು ಬಗ್ಗಿ ಎಲೆಯ ಇನ್ನೊಂದು ತುದಿ ಹಿಡಿದರು.

“ಬಿಡಿ ಅಯ್ನೋರೇ, ಎಂಜಲು.”

“ಬಿಡೋಕಾಗಲ್ಲ,” ಅಂದರು ಅವರು. ಅವಳ ಕೈಯಿಂದ ಎಲೆ ತೆಗೆದುಕೊಂಡು, ಹಿತ್ತಲಿಗೆ ತಾವೇ ಹೊತ್ತುಕೊಂಡು ಹೋದರು.

ಉಳಿದ ನೂರಕ್ಕೂ ಮಿಕ್ಕಿದ ಊಟವನ್ನು ಆ ಸಂಜೆ ಬೀದಿಯ ಮೆಟ್ಟಿಲುಗಳ ಮೇಲೆ ಕೂತು ಜನ ಉಂಡರು. ತಣ್ಣಗಿದ್ದರೂ ಯಾರೂ ಗೊಣಗಲಿಲ್ಲ. ನಾವು ಅಷ್ಟು ಹೊತ್ತು ಅಲ್ಲಿರಲಿಲ್ಲ. ಹೊರಡುವ ಮುಂಚೆ ಅವ್ವ ಕುಸುಮಳ ಕಿವಿಯಲ್ಲಿ ಏನೋ ಹೇಳಿದ್ದಳು, ನಾನು ಗಮನ ಕೊಟ್ಟಿರಲಿಲ್ಲ. ಮೆಟ್ಟಿಲಿಳಿಯುವಾಗ ಅರ್ಧದಾರಿಯಲ್ಲಿ ಅವಳು ಉಸಿರು ಬಿಡಲು ಕೂತಳು. ನಾನೂ ಪಕ್ಕದಲ್ಲಿ ಕೂತೆ.

ಅವಳು ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಮಡಿಸಿದ ಒಬ್ಬಟ್ಟು ಇತ್ತು.

“ತಗೋ,” ಅಂದಳು. “ಆವತ್ತು ತರಕ್ಕಾಗಿರ್ಲಿಲ್ಲ.”

ನಾನು ಅದನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ತಿಂದೆ. ತುಪ್ಪ ಹೆಪ್ಪುಗಟ್ಟಿತ್ತು, ಅಂಚು ಗಟ್ಟಿಯಾಗಿತ್ತು. ಅವ್ವ ನಾನು ಪೂರ್ತಿ ತಿನ್ನುವ ತನಕ ಕಾಯುತ್ತಾ ಕೂತಿದ್ದಳು.